ಉಂಡದ್ದು ಮೈಗೆ ಹತ್ತದಿದ್ದರೆ

"ಉಣ್ಣೂದು ಚೊಲೋನ ಉಣ್ತಾನ್ರೀ, ಆದ್ರ ಮೈಗೆ ಹತ್ತವಲ್ದು." ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರದ ಓಣಿಗಳಲ್ಲಿ ಈ ಮಾತು ಕೇಳದವರು ಕಡಿಮೆ. ಮಾತಿನ ಬೆನ್ನಿಗೇ ಉಪಾಯಗಳೂ ಬರುತ್ತವೆ. ಮೆಡಿಕಲ್ ಅಂಗಡಿಯಿಂದ ಒಂದು ಟಾನಿಕ್, ಮಲಗುವ ಮುಂಚೆ ಒಂದು ಲೋಟ ಎಮ್ಮೆ ಹಾಲು, ಚಪಾತಿಗೆ ಇನ್ನೊಂದು ಚಮಚ ತುಪ್ಪ, ಅಮಾವಾಸ್ಯೆಗೆ ದೃಷ್ಟಿ ತೆಗೆಯುವುದು. ದೃಷ್ಟಿ ತೆಗೆದರೆ ಕರುಳಿಗೇನೂ ಕೆಡುಕಿಲ್ಲ. ಉಳಿದವುಗಳ ಬಗ್ಗೆ ಹಾಗೆ ಹೇಳಲಾಗದು. ಹಾಲಿನ ಸಕ್ಕರೆ ಅರಗದವರಿಗೆ ಆ ಲೋಟ ಹಾಲೇ ಭೇದಿ ತರುತ್ತದೆ. ಸೀಲಿಯಾಕ್ ಕಾಯಿಲೆಯವರಿಗೆ ಚಪಾತಿಯೇ ಕರುಳು ಸುಡುವ ಪದಾರ್ಥ. ಮೇದೋಜೀರಕ ಗ್ರಂಥಿ ಸೋತವರಲ್ಲಿ ತುಪ್ಪ ಹೋದ ಹಾಗೇ ಹೊರಗೆ ಬರುತ್ತದೆ. ಟಾನಿಕ್ಕಿನ ಕೆಡುಕು ಬೇರೆ ತೆರನದು: ಬಾಟಲಿ ಮುಗಿಯುವ ತನಕ ಮನೆಯವರು ಆಸ್ಪತ್ರೆಯ ದಾರಿ ಹಿಡಿಯುವುದಿಲ್ಲ.

ಊಟ ಸಾಲದೆ ಸೊರಗುವುದು ಒಂದು ಕಷ್ಟ. ಊಟ ಸಾಕಷ್ಟಿದ್ದೂ ಅದರ ಸತ್ವ ರಕ್ತಕ್ಕೆ ಸೇರದೆ ಸೊರಗುವುದು ಇನ್ನೊಂದು. ಎರಡನೆಯದಕ್ಕೆ ಪೋಷಕಾಂಶಗಳ ಹೀರಿಕೆಯ ದೋಷ ಎನ್ನುತ್ತಾರೆ. ಮೊದಲನೆಯದಕ್ಕೆ ಹೆಚ್ಚು ಬಡಿಸುವುದೇ ಮದ್ದು. ಎರಡನೆಯದಕ್ಕೆ ಹೀರಿಕೆ ಎಲ್ಲಿ ತಪ್ಪಿದೆ ಎಂದು ಮೊದಲು ಹುಡುಕಬೇಕು. ಈ ದೋಷದ ಕಾರಣಗಳು ಹತ್ತಾರು, ಒಂದರ ಪಥ್ಯ ಇನ್ನೊಂದಕ್ಕೆ ಅಪಥ್ಯ.

ಆರು ಮೀಟರ್ ಹಾದಿ

ತುತ್ತು ಮೈಗೆ ಹತ್ತಬೇಕಾದರೆ ಮೂರು ಕೆಲಸ ಸರಿಯಾಗಿ ನಡೆಯಬೇಕು. ಜಠರದ ಆಮ್ಲ, ಪಿತ್ತರಸ, ಮೇದೋಜೀರಕ ರಸ ಸೇರಿ ಅನ್ನವನ್ನು ಸಣ್ಣ ಕಣಗಳಾಗಿ ಒಡೆಯಬೇಕು. ಆ ಕಣಗಳನ್ನು ಸಣ್ಣ ಕರುಳಿನ ಗೋಡೆ ಹೀರಬೇಕು. ಹೀರಿದ್ದು ರಕ್ತನಾಳ, ದುಗ್ಧನಾಳಗಳಲ್ಲಿ ಮುಂದೆ ಸಾಗಬೇಕು. ಮೂರರಲ್ಲಿ ಯಾವುದು ಕೆಟ್ಟರೂ ಹೊರಗೆ ಕಾಣುವ ಫಲ ಒಂದೇ, ತೂಕ ಇಳಿಯುವುದು. ಅದಕ್ಕೇ ಮುಖ ನೋಡಿ ಕಾರಣ ಹೇಳಲಾಗುವುದಿಲ್ಲ.

ಸಣ್ಣ ಕರುಳಿನ ಉದ್ದ ಸುಮಾರು ಆರು ಮೀಟರ್. ಅದರ ಒಳಮೈ ನುಣುಪಾಗಿಲ್ಲ; ಮಗ್ಗದವರಿಗೆ ಗೊತ್ತಿರುವ ಟರ್ಕಿ ಟವೆಲಿನ ಹಾಗೆ ಎಳೆ ಎಳೆಯಾಗಿ ಎದ್ದು ನಿಂತಿದೆ. ಆ ಎಳೆಗಳಿಗೆ ವಿಲ್ಲೈ ಎಂದು ಹೆಸರು. ಅವುಗಳಿಂದಲೇ ಕರುಳಿನ ಹೀರುವ ಮೈ ಹಿಗ್ಗುವುದು. ಹಳೆಯ ಪುಸ್ತಕಗಳು ಇದನ್ನು ಟೆನಿಸ್ ಅಂಗಳದಷ್ಟು ಎನ್ನುತ್ತಿದ್ದವು; 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಅಳೆದು, ಸುಮಾರು 30 ಚದರ ಮೀಟರ್ ಎಂದು ತಿದ್ದಿದರು. ಎಳೆಗಳು ಸವೆದು ಚಪ್ಪಟೆಯಾದರೆ ಅಷ್ಟೂ ಮೈ ಕುಗ್ಗುತ್ತದೆ. ಒಳ್ಳೆಯ ಸುದ್ದಿಯೆಂದರೆ ಈ ಗೋಡೆಯ ಜೀವಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತವೆ. ಹಾನಿ ಮಾಡುವುದನ್ನು ನಿಲ್ಲಿಸಿದರೆ ಕರುಳು ತಾನಾಗಿಯೇ ಚೇತರಿಸಿಕೊಳ್ಳತೊಡಗುತ್ತದೆ.

ಯಾವ ಸತ್ವ ಎಲ್ಲಿ ಒಳಸೇರುತ್ತದೆ ಎಂಬುದಕ್ಕೂ ಲೆಕ್ಕವಿದೆ. ಕಬ್ಬಿಣ, ಸುಣ್ಣದಂಶ, ಫೋಲಿಕ್ ಆಮ್ಲ ಮುಖ್ಯವಾಗಿ ಕರುಳಿನ ಮೊದಲ ಭಾಗದಲ್ಲಿ. ಸಕ್ಕರೆ, ಪ್ರೋಟೀನ್, ಕೊಬ್ಬು ಅಲ್ಲಿಂದ ನಡುವಿನವರೆಗೆ. ಬಿ12 ಜೀವಸತ್ವ ಮತ್ತು ಮರಳಿ ಬಳಕೆಗೆ ಹೋಗುವ ಪಿತ್ತಲವಣ ಮಾತ್ರ ಕೊನೆಯ ಭಾಗ ಇಲಿಯಮ್‌ನಲ್ಲಿ. ಆದ್ದರಿಂದ ರಕ್ತ ಪರೀಕ್ಷೆಯಲ್ಲಿ ಯಾವುದು ಕಡಿಮೆ ಬಂತು ಎಂಬುದೇ ಕಾಯಿಲೆ ಎಲ್ಲಿದೆ ಎಂಬುದರ ಮೊದಲ ಸುಳಿವು. ಬಿ12 ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ದಾಸ್ತಾನಿರುವುದರಿಂದ ಅದರ ಕೊರತೆ ತಡವಾಗಿ ಕಾಣುತ್ತದೆ. ಫೋಲಿಕ್ ಆಮ್ಲದ ದಾಸ್ತಾನು ಕೆಲವು ತಿಂಗಳಲ್ಲೇ ತೀರುತ್ತದೆ.

ಮೈ ಹೇಳುವ ಸುಳಿವುಗಳು

ಹೊಟ್ಟೆ ಉಬ್ಬರ, ಗುಡುಗುಡು, ದಿನಕ್ಕೆ ಎರಡು ಮೂರು ಸಲ ಕಕ್ಕಸು ಇದ್ದವರೆಲ್ಲರಿಗೂ ಹೀರಿಕೆಯ ದೋಷ ಇರುವುದಿಲ್ಲ. ತೂಕ ಇಳಿದಿಲ್ಲ, ರಕ್ತ ಕಡಿಮೆಯಾಗಿಲ್ಲ, ರಾತ್ರಿ ಎಚ್ಚರಿಸುವ ಭೇದಿಯಿಲ್ಲ ಎಂದಾದರೆ ಹೆಚ್ಚಿನ ಪಾಲು ಅದು ಕರುಳಿನ ತಳಮಳ ಅಷ್ಟೇ, ವೈದ್ಯರು ಐಬಿಎಸ್ ಎನ್ನುವ ತೊಂದರೆ. ಗಮನ ಕೊಡಬೇಕಾದ ಸುಳಿವುಗಳು ಬೇರೆ ಇವೆ. ಮಲ ತಿಳಿ ಬಣ್ಣದ್ದಾಗಿ, ಜಿಡ್ಡು ಜಿಡ್ಡಾಗಿ, ಕೆಟ್ಟ ನಾತ ಬಂದು, ಎಷ್ಟು ನೀರು ಹಾಕಿದರೂ ಕಕ್ಕಸಿನ ಬೇಸಿನ್ನಿಗೆ ಅಂಟಿಕೊಂಡಿದ್ದರೆ ಕೊಬ್ಬು ಅರಗುತ್ತಿಲ್ಲ. ನಾಲಗೆ ಕೆಂಪಾಗಿ ನುಣ್ಣಗಾಗುವುದು, ಬಾಯಿಹುಣ್ಣು ಮರುಕಳಿಸುವುದು ಫೋಲಿಕ್ ಆಮ್ಲ, ಬಿ12, ಕಬ್ಬಿಣದ ಕೊರತೆಯಿಂದ. ಪಾದ ಜುಮುಗುಡುವುದು ಬಿ12ರದು. ಸಂಜೆಗತ್ತಲಲ್ಲಿ ಕಣ್ಣು ಮಂಜಾಗುವುದು ಎ ಜೀವಸತ್ವದ್ದು, ಸೊಂಟ ತೊಡೆಯ ಮೂಳೆ ನೋವು ಡಿಯದ್ದು, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುವುದು ಕೆಯದ್ದು. ಕಾಲು ಬಾತರೆ ಪ್ರೋಟೀನ್ ಸೋರುತ್ತಿರಬಹುದು. ಮಕ್ಕಳಲ್ಲಿ ಇವು ಯಾವುವೂ ಇಲ್ಲದೆ ಬರೀ ಎತ್ತರ ನಿಂತುಹೋಗುವುದೂ ಒಂದು ಸುಳಿವೇ.

ನೀರಿನಿಂದ ಬರುವ ಹಾನಿ

ನಮ್ಮ ಭಾಗದಲ್ಲಿ ಮೊದಲು ಅನುಮಾನಿಸಬೇಕಾದದ್ದು ಸೋಂಕನ್ನು. ಬೆಳಗಾವಿಗೆ ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳ ನೀರು ಬರುತ್ತದೆ. ಶುದ್ಧ ಮಾಡಿದ ನೀರು ಕೂಡ ನಳ ತಲುಪುವ ಹೊತ್ತಿಗೆ ಕೆಡುವುದುಂಟು. ದಿನ ಬಿಟ್ಟು ದಿನ ನೀರು ಬಿಡುವ ಕಡೆ ಪೈಪು ಬರಿದಾದಾಗ, ಒಡಕುಗಳಿಂದ ಹೊರಗಿನ ಕೊಳೆ ಒಳಗೆ ಎಳೆದುಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದಿದ್ದಾರೆ. 2013ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ, ಆಗೀಗ ನೀರು ಬರುವ ವಾರ್ಡ್‌ಗಳ ನಳದ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಮಲದ ಬ್ಯಾಕ್ಟೀರಿಯ ಇ-ಕೊಲೈ ಸಿಕ್ಕಿತು. ದಿನವಿಡೀ ನೀರು ಬರುವ ವಾರ್ಡ್‌ಗಳಲ್ಲಿ ನೂರಕ್ಕೆ ಒಂದೂ ಇರಲಿಲ್ಲ. 2015ರ ಮುಂದಿನ ಅಧ್ಯಯನ ಇನ್ನೊಂದು ಮಾತು ಸೇರಿಸಿತು. ದಿನವಿಡೀ ನೀರು ಬಂದ ಕಡೆ ಬಡ ಮನೆಗಳಲ್ಲಿ ರಕ್ತಭೇದಿ ಕಡಿಮೆಯಾಯಿತು, ಟೈಫಾಯ್ಡ್ ಕೂಡ ತಗ್ಗಿತು. ಆದರೆ ಮಕ್ಕಳ ಒಟ್ಟು ಭೇದಿಯಲ್ಲಾಗಲಿ ತೂಕದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಳದ ನೀರೊಂದು ಸರಿಯಾದರೆ ಸಾಲದು. ಅಂಗಳ, ಕೈ, ಕಕ್ಕಸು, ಗಟಾರ ಎಲ್ಲವೂ ಸೇರಿ ಮಗುವಿನ ಕರುಳನ್ನು ಕಾಯಬೇಕು.

ಕೊಳಕಿನ ನಡುವೆ ಬೆಳೆಯುವ ಮಗುವಿಗೆ ಭೇದಿ ಆಗದೆಯೂ ಕರುಳಿನ ಎಳೆಗಳು ಗಿಡ್ಡವಾಗಿರುತ್ತವೆ. 1960-70ರ ದಶಕಗಳಲ್ಲಿ ಪಾಕಿಸ್ತಾನದಲ್ಲಿದ್ದ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರಲ್ಲೂ ಇದೇ ಕಂಡಿತು. ತಮ್ಮ ದೇಶಕ್ಕೆ ಮರಳಿ ತಿಂಗಳುಗಳು ಕಳೆದ ಮೇಲೆ ಅವರ ಕರುಳು ಮೊದಲಿನಂತಾಯಿತು. ಅಂದರೆ ಈ ಹಾನಿ ಹುಟ್ಟಿನಿಂದ ಬಂದದ್ದಲ್ಲ, ಪರಿಸರದಿಂದ ಬಂದದ್ದು.

ಇದೇ ಬಗೆಯ ಹಾನಿ ಜೋರಾಗಿ ಬಂದರೆ ಅದೇ ಟ್ರಾಪಿಕಲ್ ಸ್ಪ್ರೂ. 1759ರಲ್ಲಿ ಬಾರ್ಬಡೋಸ್ ದ್ವೀಪದ ವೈದ್ಯ ವಿಲಿಯಂ ಹಿಲರಿ ಬಣ್ಣಿಸಿದ ಕಾಯಿಲೆ ಇದು. ದಕ್ಷಿಣ ಭಾರತದಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ ಪಿಡುಗಿನಂತೆ ಹಬ್ಬಿತ್ತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸೆಲ್ವಿನ್ ಬೇಕರ್ ಮತ್ತು ವಿ. ಐ. ಮಥಾನ್ ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಇಂದು ಅಂಥ ಪಿಡುಗು ಇಲ್ಲದಿದ್ದರೂ ಬಿಡಿ ರೋಗಿಗಳು ಸಿಗುತ್ತಾರೆ. ತಿಂಗಳುಗಟ್ಟಲೆ ಭೇದಿ, ನಾಲಗೆ ಉರಿ, ತೂಕ ಇಳಿಕೆ, ದೊಡ್ಡ ಕಣಗಳ ರಕ್ತಹೀನತೆ ಇದರ ಗುರುತು. ಫೋಲಿಕ್ ಆಮ್ಲ, ಬಿ12 ಮತ್ತು ಮೂರರಿಂದ ಆರು ತಿಂಗಳು ಟೆಟ್ರಾಸೈಕ್ಲಿನ್ ವರ್ಗದ ಮಾತ್ರೆ ಕೊಟ್ಟರೆ ಗುಣವಾಗುತ್ತದೆ. ಗೋಧಿ ಬಿಡಿಸುವ ಅಗತ್ಯವೇ ಇಲ್ಲ.

ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಕರುಳಿನ ಮೊದಲ ಭಾಗದಲ್ಲಿ ನೆಲೆಯೂರಿ ಜಿಡ್ಡು ಭೇದಿ ತರುತ್ತದೆ. ಇದರ ಮೊಟ್ಟೆಕೋಶಗಳು ನಳದ ನೀರಿಗೆ ಹಾಕುವಷ್ಟು ಕ್ಲೋರಿನ್ನಿಗೆ ಸುಲಭವಾಗಿ ಸಾಯುವುದಿಲ್ಲ, ನೀರು ಕೊತಕೊತ ಕುದಿದರೆ ಸಾಯುತ್ತವೆ. ಖಾನಾಪುರದ ಮಳೆಗಾಲದಲ್ಲಿ, ಭತ್ತದ ಗದ್ದೆಯ ಕೆಲಸದವರಿಗೆ ಈ ಮಾತು ಎರಡು ಪಟ್ಟು ಅನ್ವಯ: ಬಾವಿ ನೀರನ್ನು ಕುದಿಸಬೇಕು, ಬರಿಗಾಲಲ್ಲಿ ಗದ್ದೆಗೆ ಇಳಿಯುವವರು ಕೊಕ್ಕೆಹುಳದ ಮೇಲೆ ಕಣ್ಣಿಡಬೇಕು. ಕೊಕ್ಕೆಹುಳ ಪಾದದ ಚರ್ಮ ಕೊರೆದು ಒಳಬಂದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. 2015ರಿಂದ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಇದಕ್ಕೇ. ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ ಸಾಕು. ದೊಡ್ಡವರು ಮಾತ್ರ ಇದನ್ನು ಮರೆತುಬಿಡುತ್ತಾರೆ.

ಭೇದಿ ಇರುವಾಗ ಊಟ ನಿಲ್ಲಿಸುವುದು ಹಳೆಯ ತಪ್ಪು. ಹೀರಿಕೆ ಅರ್ಧ ಕೆಟ್ಟ ಕರುಳು ಕೂಡ ಸಕ್ಕರೆಯ ಜತೆ ಉಪ್ಪನ್ನು ಎಳೆದುಕೊಳ್ಳಬಲ್ಲದು. ಅದರ ಬೆನ್ನಿಗೆ ನೀರೂ ಒಳಬರುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಈ ಸೂತ್ರವನ್ನು ಮುಂದಿಟ್ಟರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅದನ್ನು ಒಆರ್‌ಎಸ್ ಆಗಿ ಬಳಸಿ ಸಾವಿರಾರು ಜೀವ ಉಳಿಸಿದರು. ಒಂದು ದೊಡ್ಡ ಪುಡಿಗೆ ಸರಿಯಾಗಿ ಒಂದು ಲೀಟರ್ ನೀರು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮಗುವಿಗೆ ಜತೆಗೆ 14 ದಿನ ಸತು ಮಾತ್ರೆ: ಆರು ತಿಂಗಳಿಗಿಂತ ಚಿಕ್ಕದಾದರೆ ದಿನಕ್ಕೆ 10 ಮಿಲಿಗ್ರಾಂ, ಮೇಲ್ಪಟ್ಟರೆ 20. ತಾಯಿ ಹಾಲು ನಿಲ್ಲಿಸಬಾರದು. ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು, ಬಾಳೆಹಣ್ಣು, ಮಜ್ಜಿಗೆ ನುಚ್ಚು ಮುಂದುವರಿಯಲಿ.

ಕುಂದಾ ತಿನ್ನಬೇಕೋ ಬೇಡವೋ

ಹಾಲಿನ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಬಾಲ್ಯ ಕಳೆದಂತೆ ಕಡಿಮೆಯಾಗುತ್ತದೆ. ಲೋಕದ ಹೆಚ್ಚಿನ ಜನರಿಗೆ ಇದು ಸಹಜ. 1981ರ ಟಂಡನ್ ಅವರ ಅಧ್ಯಯನದಲ್ಲಿ ದಕ್ಷಿಣ ಭಾರತೀಯರಲ್ಲಿ ನೂರಕ್ಕೆ 66 ಮಂದಿಗೆ, ಉತ್ತರದವರಲ್ಲಿ 27 ಮಂದಿಗೆ ಹಾಲಿನ ಸಕ್ಕರೆ ಸರಿಯಾಗಿ ಅರಗಿರಲಿಲ್ಲ. ಅರಗದ ಸಕ್ಕರೆ ದೊಡ್ಡ ಕರುಳಿಗಿಳಿದು ಹುದುಗಿ ಗಾಳಿ, ನೀರು ಎಳೆಯುತ್ತದೆ. ಅದೇ ಉಬ್ಬರ, ಅದೇ ಭೇದಿ.

ಇಷ್ಟಕ್ಕೆ ಹಾಲು ಪೂರ್ತಿ ಬಿಡಬೇಕಿಲ್ಲ. ಲ್ಯಾಕ್ಟೇಸ್ ಕಡಿಮೆ ಇರುವವರಲ್ಲೂ ಹೆಚ್ಚಿನವರು ಊಟದ ಜತೆ ಒಂದು ಲೋಟದಷ್ಟು ಹಾಲು ತಾಳಿಕೊಳ್ಳುತ್ತಾರೆ; ಬರೀ ಹೊಟ್ಟೆಗೆ ಕುಡಿದಾಗಲೇ ಕಾಟ. ಮೊಸರಿನಲ್ಲಿ ಬ್ಯಾಕ್ಟೀರಿಯಗಳೇ ಅರ್ಧ ಕೆಲಸ ಮುಗಿಸಿರುತ್ತವೆ, ಮಜ್ಜಿಗೆ ಇನ್ನೂ ಹಗುರ. ತುಪ್ಪದಲ್ಲಿ ಲ್ಯಾಕ್ಟೋಸ್ ಹೆಸರಿಗಷ್ಟೇ. ಬೆಳಗಾವಿ ಕುಂದಾ ಮಾತ್ರ ಹಾಲನ್ನು ಗಟ್ಟಿಯಾಗಿ ಕುದಿಸಿ ಇಂಗಿಸಿದ್ದು. ನೀರು ಹೋಗಿ ಲ್ಯಾಕ್ಟೋಸ್ ಉಳಿದಿರುತ್ತದೆ. ಒಂದು ಚಮಚ ತಾಳಬಹುದು, ಕಾಲು ಕಿಲೋ ಪೆಟ್ಟಿಗೆ ತಾಳಲಿಕ್ಕಿಲ್ಲ. ಹಾಲು ಬಿಟ್ಟವರು ಸುಣ್ಣದಂಶಕ್ಕೆ ರಾಗಿ ಅಂದರೆ ನಾಚಣಿಯನ್ನು ನೆಚ್ಚಬಹುದು. 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಎಳ್ಳು, ಗುರೆಳ್ಳು ಹಿಂಡಿಯೂ ಆಗುತ್ತದೆ.

ಭೇದಿ ಜ್ವರದ ನಂತರ ಮಗುವಿಗೆ ಬರುವ ಹಾಲಿನ ಅಜೀರ್ಣ ತಾತ್ಕಾಲಿಕ. ಕರುಳಿನ ಎಳೆಗಳು ಚಿಗುರಿದಂತೆ ಕೆಲವು ವಾರಗಳಲ್ಲಿ ಹೋಗುತ್ತದೆ. ಅದನ್ನು 'ಹಾಲು ಆಗಿಬರುವುದಿಲ್ಲ' ಎಂಬ ಜೀವಮಾನದ ತೀರ್ಪಾಗಿಸಬಾರದು.

ಚಪಾತಿ, ಖಪ್ಲಿ, ಗಿರಣಿ

ಗೋಧಿ, ಜವೆ (ಬಾರ್ಲಿ), ರೈ ಧಾನ್ಯಗಳ ಗ್ಲುಟೆನ್ ಪ್ರೋಟೀನ್ ಕೆಲವರ ಮೈಯನ್ನೇ ಅವರ ಕರುಳಿನ ವಿರುದ್ಧ ಎಬ್ಬಿಸುತ್ತದೆ. ಇದೇ ಸೀಲಿಯಾಕ್ ಕಾಯಿಲೆ. ಗೋಧಿಯೇ ಇದಕ್ಕೆ ಕಾರಣ ಎಂದು ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1944-45ರ ಯುದ್ಧದ ಬರಗಾಲದಲ್ಲಿ ಬ್ರೆಡ್ ಸಿಗದೆ ಇದ್ದಾಗ ಅವರ ಸೀಲಿಯಾಕ್ ಮಕ್ಕಳು ಸುಧಾರಿಸಿದರು. ಬ್ರೆಡ್ ಮರಳಿದಾಗ ಮತ್ತೆ ಬಿದ್ದರು.

ನಮ್ಮಲ್ಲಿ ಇದು ಎಷ್ಟಿದೆ? 2016ರಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆ ಉತ್ತರ, ಈಶಾನ್ಯ, ದಕ್ಷಿಣ ಭಾರತದ 23,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿತು. ರಕ್ತದಲ್ಲಿ ಈ ಕಾಯಿಲೆಯ ಗುರುತು ಉತ್ತರದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10. ದಕ್ಷಿಣದ ಕೇಂದ್ರ ವೆಲ್ಲೂರು, ಅನ್ನದ ನಾಡು. ಬೆಳಗಾವಿಯ ಮನೆಗಳಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲೇ ಚಪಾತಿ ಕುಳಿತು ದಶಕಗಳಾಗಿವೆ. ಅದರ ಜತೆ ಸೈನ್ಯದ ಮರಾಠಾ ರೆಜಿಮೆಂಟ್ ಕೇಂದ್ರ, ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಉತ್ತರದಿಂದ ಬಂದು ನೆಲೆಸಿದವರೂ ಇದ್ದಾರೆ. ಆದ್ದರಿಂದ 'ಇದು ನಮ್ಮ ಕಡೆ ಇಲ್ಲ' ಎಂದು ವೈದ್ಯರೂ ರೋಗಿಗಳೂ ತಳ್ಳಿಹಾಕುವಂತಿಲ್ಲ. ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆ, ಎತ್ತರ ಬೆಳೆಯದ ಮಗು ಎಂದಾಗ ಈ ಪರೀಕ್ಷೆ ಬೇಕು.

ಪರೀಕ್ಷೆಗೆ ಮೊದಲು ಗೋಧಿ ಬಿಡಬಾರದು. ಇದು ಈ ಬರಹದಲ್ಲಿ ನೆನಪಿಡಬೇಕಾದ ಮೊದಲ ಮಾತು. ಟಿಟಿಜಿ-ಐಜಿಎ ಎಂಬ ರಕ್ತ ಪರೀಕ್ಷೆಯೂ, ಎಂಡೋಸ್ಕೋಪಿಯಲ್ಲಿ ತೆಗೆಯುವ ಕರುಳಿನ ತುಣುಕೂ ಸತ್ಯ ಹೇಳಬೇಕಾದರೆ ರೋಗಿ ಗೋಧಿ ತಿನ್ನುತ್ತಿರಬೇಕು. ಯಾರದೋ ಮಾತು ಕೇಳಿ ಎರಡು ತಿಂಗಳು ಚಪಾತಿ ಬಿಟ್ಟು ಬಂದವರಲ್ಲಿ ಪರೀಕ್ಷೆ ಸರಿ ಎಂದೇ ಬರಬಹುದು. ಆಮೇಲೆ ಕಾಯಿಲೆ ಇದೆಯೋ ಇಲ್ಲವೋ ಎಂಬುದೇ ಗೊಂದಲ.

ಕಾಯಿಲೆ ಖಚಿತವಾದರೆ ಗೋಧಿ ಬಿಡುವುದು ಜೀವನಪರ್ಯಂತ. ನಮ್ಮ ಪುಣ್ಯಕ್ಕೆ ಉತ್ತರ ಕರ್ನಾಟಕದ ಅರ್ಧ ತಾಟು ಮೊದಲೇ ಗ್ಲುಟೆನ್ ಇಲ್ಲದ್ದು: ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಜೋಳದ ನುಚ್ಚು, ನಾಚಣಿ ಅಂಬಲಿ, ಖಾನಾಪುರದ ಅಕ್ಕಿ ಭಾಕರಿ, ಅವಲಕ್ಕಿ, ಚುರುಮುರಿ, ಝುಣಕ. ಬಿಡಬೇಕಾದವು ಚಪಾತಿ, ಉಪ್ಪಿಟ್ಟಿನ ರವೆ, ಶಾವಿಗೆ, ಗೋಧಿ ಹುಗ್ಗಿ, ಸಜ್ಜಕ, ಹೋಳಿಗೆಯ ಕಣಕ, ಮಾಂಡೆ, ಬ್ರೆಡ್, ಖಾರಿ, ಟೋಸ್ಟ್. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಮುಂತಾದ ತಳಿಗಳನ್ನು ಕೊಟ್ಟಿರುವ ಖಪ್ಲಿ ಗೋಧಿ ಹಳೆಯ ಧಾನ್ಯ, ನಾರು ಹೆಚ್ಚು, ನಿಜ. ಆದರೂ ಅದು ಗೋಧಿಯೇ. ಸೀಲಿಯಾಕ್ ಇರುವವರಿಗೆ ಖಪ್ಲಿಯೂ ವರ್ಜ್ಯ.

ಇನ್ನೆರಡು ಮರೆಮೋಸಗಳಿವೆ. ಡಬ್ಬಿಯ ಇಂಗಿನಲ್ಲಿ ಹಲವು ಸಲ ಗೋಧಿ ಹಿಟ್ಟು ಬೆರೆತಿರುತ್ತದೆ, ಲೇಬಲ್ ಓದಬೇಕು. ಓಣಿಯ ಹಿಟ್ಟಿನ ಗಿರಣಿ ಅದಕ್ಕಿಂತ ದೊಡ್ಡದು. ಮುಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ಜೋಳ ಬಿದ್ದರೆ ಆ ಹಿಟ್ಟಿನಲ್ಲಿ ಗೋಧಿ ಇದ್ದೇ ಇರುತ್ತದೆ. ನಮ್ಮ ಆಹಾರ ಪ್ರಾಧಿಕಾರದ ನಿಯಮದಲ್ಲಿ ಗ್ಲುಟೆನ್ ಇಲ್ಲದ್ದು ಎನ್ನಲು ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಗಿರಣಿಯ ಬೆರಕೆ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಜೋಳ ತೊಳೆದು ಒಣಗಿಸಿ ಮನೆಯಲ್ಲೇ ಸಣ್ಣ ಯಂತ್ರದಲ್ಲಿ ಬೀಸಿಕೊಳ್ಳುವುದು ಖರ್ಚಿನ ಮಾತಾದರೂ ಕ್ಷೇಮ.

ಮೇದೋಜೀರಕ ಗ್ರಂಥಿ ಸೋತಾಗ

ಬಹುಕಾಲದ ಕುಡಿತ, ತಂಬಾಕು, ಕೆಲವೊಮ್ಮೆ ಕಾರಣ ತಿಳಿಯದೆಯೂ ಮೇದೋಜೀರಕ ಗ್ರಂಥಿ ಗಡುಸಾಗಿ ಕಲ್ಲು ಕಟ್ಟುತ್ತದೆ. ಆಗ ಕೊಬ್ಬು ಒಡೆಯುವ ಲೈಪೇಸ್ ಬರುವುದಿಲ್ಲ. ಇಂಥವರಿಗೆ ಹಿಂದೆ ಎಣ್ಣೆ, ತುಪ್ಪ ಪೂರ್ತಿ ಬಂದ್ ಮಾಡುತ್ತಿದ್ದರು. ಈಗ ಹಾಗಲ್ಲ. ಕಿಣ್ವದ ಕ್ಯಾಪ್ಸೂಲ್ ಕೊಟ್ಟು ಸಾಮಾನ್ಯ ಪ್ರಮಾಣದ ಕೊಬ್ಬು ತಿನ್ನಲು ಬಿಡುತ್ತಾರೆ, ಇಲ್ಲದಿದ್ದರೆ ತೂಕ ಏರುವುದೇ ಇಲ್ಲ. ದೊಡ್ಡವರಿಗೆ ಮುಖ್ಯ ಊಟಕ್ಕೆ ಸಾಮಾನ್ಯವಾಗಿ 40,000ದಿಂದ 50,000 ಯೂನಿಟ್ ಲೈಪೇಸ್ ಬೇಕಾಗುತ್ತದೆ. ಕ್ಯಾಪ್ಸೂಲ್ ಮೊದಲ ತುತ್ತಿನ ಜತೆ ಹೋಗಬೇಕು. ಊಟ ಮುಗಿಸಿ ಕೈ ತೊಳೆದು ನುಂಗಿದರೆ ಕೊಬ್ಬು ಮುಂದೆ ಹೋಗಿಬಿಟ್ಟಿರುತ್ತದೆ. ಈ ಕಿಣ್ವ ಹಂದಿಯಿಂದ ತೆಗೆದದ್ದು ಎಂಬುದನ್ನು ರೋಗಿಗೆ ಮೊದಲೇ ಹೇಳುವುದು ಒಳ್ಳೆಯದು. ತಡವಾಗಿ ತಿಳಿದರೆ ಅನೇಕರು ಔಷಧವನ್ನೇ ಬಿಟ್ಟುಬಿಡುತ್ತಾರೆ.

ಖಾನಾಪುರದ ಕಡೆ ತೆಂಗಿನೆಣ್ಣೆ ಸುಲಭವಾಗಿ ಅರಗುತ್ತದೆ ಎಂಬ ನಂಬಿಕೆಯಿದೆ. ವೈದ್ಯರು ಹೇಳುವ ಎಂಸಿಟಿ ಎಣ್ಣೆ ಬೇರೆ. ಅದರಲ್ಲಿರುವ ಗಿಡ್ಡ ಕೊಬ್ಬು ಕಿಣ್ವ, ಪಿತ್ತದ ಹಂಗು ಹೆಚ್ಚಿಲ್ಲದೆ ರಕ್ತ ಸೇರುತ್ತದೆ. ತೆಂಗಿನೆಣ್ಣೆಯಲ್ಲಿ ಅಂಥದ್ದು ಸಣ್ಣ ಪಾಲು ಮಾತ್ರ, ಅರ್ಧದಷ್ಟು ಲಾರಿಕ್ ಆಮ್ಲ ಉಳಿದ ಕೊಬ್ಬಿನಂತೆಯೇ ವರ್ತಿಸುತ್ತದೆ. ಕೊಬ್ಬು ಅರಗದವರಲ್ಲಿ ಎ, ಡಿ, ಇ, ಕೆ ಜೀವಸತ್ವಗಳೂ ಕಳೆದುಹೋಗುತ್ತವೆ. ಆದರೆ 60,000 ಯೂನಿಟ್‌ನ ಡಿ ಪುಡಿ ವೈದ್ಯರು ಹೇಳಿದಂತೆ ವಾರಕ್ಕೊಂದು ಎಂದಿದ್ದರೆ ವಾರಕ್ಕೊಂದೇ. ದಿನಕ್ಕೊಂದು ತೆಗೆದುಕೊಂಡರೆ ರಕ್ತದಲ್ಲಿ ಸುಣ್ಣ ಏರಿ ಮೂತ್ರಪಿಂಡ ಕೆಡುತ್ತದೆ.

ಕರುಳಿನ ಕೊನೆ ಭಾಗ

ಕರುಳಿನ ಕ್ಷಯ ಹೆಚ್ಚಾಗಿ ಹಿಡಿಯುವುದು ಇಲಿಯಮ್ಮಿನ ಕೊನೆ, ದೊಡ್ಡ ಕರುಳು ಸೇರುವಲ್ಲಿ. ಕ್ರೋನ್ಸ್ ಕಾಯಿಲೆಗೂ ಅದೇ ಜಾಗ ಇಷ್ಟ. ನೋಡಲಿಕ್ಕೆ ಎರಡೂ ಒಂದೇ ತರ. ಔಷಧಿ ಮಾತ್ರ ಎದುರು ಬದುರು. ಕ್ಷಯಕ್ಕೆ ಕನಿಷ್ಠ ಆರು ತಿಂಗಳ ಮಾತ್ರೆ. ಕ್ರೋನ್ಸ್‌ಗೆ ರೋಗನಿರೋಧಕತೆ ತಗ್ಗಿಸುವ ಔಷಧ, ಅದನ್ನು ಕ್ಷಯ ರೋಗಿಗೆ ಕೊಟ್ಟರೆ ಕ್ಷಯ ಮೈತುಂಬ ಹರಡುತ್ತದೆ. ಅದಕ್ಕೇ ಕೊಲೊನೋಸ್ಕೋಪಿಯಲ್ಲಿ ತುಣುಕು ತೆಗೆದು ನೋಡುವ ಮೊದಲು ಯಾವುದನ್ನೂ ಶುರು ಮಾಡದಿರುವುದು ಮೇಲು. ಕರುಳು ಸಂದುಗಟ್ಟಿ ಕಿರಿದಾಗಿದ್ದರೆ ನಾರಿನ ಊಟ ಅಪಾಯ: ಗೋವಿನಜೋಳದ ತೆನೆ, ಹಲಸಿನ ತೊಳೆ, ಪೇರಲದ ಬೀಜ, ಕಬ್ಬು ಬಿಟ್ಟು ತೊಗಟೆ ತೆಗೆದ ಬೇಳೆ, ಮೆತ್ತಗಿನ ಅನ್ನ, ಮೊಟ್ಟೆ, ಮೊಸರು ತಿನ್ನಬೇಕು.

ಕ್ಷಯ ರೋಗಿಗೆ ಊಟ ಔಷಧದಷ್ಟೇ ಮುಖ್ಯ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೂ ಆಹಾರದ ಕಿಟ್ ಕೊಟ್ಟಾಗ ಅವರಲ್ಲಿ ಹೊಸ ಕ್ಷಯ ಸುಮಾರು ಶೇ. 39ರಷ್ಟು ಕಡಿಮೆಯಾಯಿತು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ತಿಂಗಳಿಗೆ ಸಿಗುತ್ತಿದ್ದ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ. ಶ್ವಾಸಕೋಶದ ಕ್ಷಯಕ್ಕಷ್ಟೇ ಅಲ್ಲ, ಹೆಸರು ನೋಂದಾಯಿಸಿದ ಕರುಳಿನ ಕ್ಷಯ ರೋಗಿಗೂ ಇದು ಸಲ್ಲುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಇಲಿಯಮ್ 60 ಸೆಂಟಿಮೀಟರಿಗಿಂತ ಹೆಚ್ಚು ಹೋಗಿದ್ದರೆ ಬಿ12 ಇಂಜೆಕ್ಷನ್ ಜೀವನಪರ್ಯಂತ ಬೇಕು. ಇವರಲ್ಲಿ ಮೂತ್ರದ ಕಲ್ಲೂ ಹೆಚ್ಚು. ಅರಗದ ಕೊಬ್ಬು ಸುಣ್ಣವನ್ನು ಕಟ್ಟಿಕೊಂಡು ಹೋಗುವುದರಿಂದ ಆಕ್ಸಲೇಟ್ ಒಂಟಿಯಾಗಿ ಉಳಿದು ರಕ್ತಕ್ಕೆ ಸೇರುತ್ತದೆ. ಪಾಲಕ್ ತಗ್ಗಿಸಿ, ನೀರು ಹೆಚ್ಚಿಸಿ, ಊಟದ ಜತೆ ಸುಣ್ಣದಂಶ ಇರುವಂತೆ ನೋಡಿಕೊಂಡರೆ ಕಲ್ಲಿನ ಭಯ ಕಡಿಮೆ.

ಕರುಳು ಸರಿಯಿದ್ದೂ ಬಿ12 ಕಡಿಮೆಯಾಗುವ ದಾರಿಗಳಿವೆ. ಬಿ12 ಸಸ್ಯಗಳಲ್ಲಿಲ್ಲ, ಸಸ್ಯಾಹಾರಿಗೆ ಹಾಲು, ಮೊಸರೇ ಗತಿ. ಇನ್ನೊಂದು ದಾರಿ 'ಗ್ಯಾಸಿನ ಗುಳಿಗೆ'. ಅನ್ನದಿಂದ ಬಿ12 ಬಿಡಿಸಲು ಜಠರದ ಆಮ್ಲ ಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ವರ್ಷಗಟ್ಟಲೆ ನುಂಗಿದರೆ ಆ ಆಮ್ಲವೇ ಕಡಿಮೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬಿ12 ಹೀರಿಕೆ ತಗ್ಗಿಸುತ್ತದೆ. ಮಾತ್ರೆ ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿ ಬಿ12 ಪರೀಕ್ಷೆ ಮಾಡಿಸಬೇಕು. ದಿನಕ್ಕೆ 1,000 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಂಡರೆ ಅದರಲ್ಲಿ ನೂರಕ್ಕೆ ಒಂದು ಪಾಲು ಯಾವ ಸಹಾಯವೂ ಇಲ್ಲದೆ ಒಳಸೇರುತ್ತದೆ. ಹಲವರಿಗೆ ಅಷ್ಟೇ ಸಾಕಾಗುತ್ತದೆ.

ಮಗ್ಗದ ಮುಂದಿನ ಚಾ

ವಡಗಾವಿಯಲ್ಲಿ ವಿದ್ಯುತ್ ಮಗ್ಗದ ಸದ್ದಿನ ಜತೆ ಚಾ ನಿಲ್ಲುವುದಿಲ್ಲ. ಚಾದ ಟ್ಯಾನಿನ್, ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ರೊಟ್ಟಿ, ಕಾಳಿನ ಪಲ್ಯದ ಸಸ್ಯಾಹಾರಿ ಕಬ್ಬಿಣ ಮೊದಲೇ ಕಷ್ಟದಿಂದ ಹೀರುವಂಥದ್ದು. ಊಟಕ್ಕೂ ಚಾಕ್ಕೂ ನಡುವೆ ಒಂದು ತಾಸಾದರೂ ಬಿಡಬೇಕು, ತಾಟಿಗೆ ಅರ್ಧ ಲಿಂಬೆ ಹಿಂಡಿಕೊಳ್ಳಬೇಕು. ಮಡಕಿ ಕಾಳು ಮೊಳಕೆ ಕಟ್ಟಿಸುವುದು, ಅಂಬಲಿ ಹುಳಿ ಬರಿಸುವುದು ಕಬ್ಬಿಣ ತಡೆಯುವ ಫೈಟೇಟನ್ನು ಕರಗಿಸುತ್ತದೆ. ಇದು ನಮ್ಮ ಹೆಣ್ಣುಮಕ್ಕಳಿಗೆ ಹೊಸದೇನಲ್ಲ.

ಕಬ್ಬಿಣದ ಮಾತ್ರೆ ದಿನಕ್ಕೆರಡು ನುಂಗಿದರೆ ಹೆಚ್ಚು ಸೇರುತ್ತದೆ ಎಂಬುದೂ ತಪ್ಪು. ಒಂದು ಮಾತ್ರೆ ಒಳಹೋದೊಡನೆ ಮೈ ಹೆಪ್ಸಿಡಿನ್ ಹಾರ್ಮೋನು ಹೊರಡಿಸಿ ಕರುಳಿನ ಬಾಗಿಲು ಒಂದು ದಿನ ಮುಚ್ಚುತ್ತದೆ. ದಿನ ಬಿಟ್ಟು ದಿನ ತೆಗೆದುಕೊಂಡಾಗ ಹೀರಿಕೆ ಹೆಚ್ಚು ಎಂದು ಸ್ವಿಟ್ಜರ್ಲೆಂಡಿನ ಅಧ್ಯಯನಗಳು 2017ರಲ್ಲಿ ತೋರಿಸಿವೆ. ಗರ್ಭಿಣಿಯರು ಮಾತ್ರ ವೈದ್ಯರು ಹೇಳಿದ ಕ್ರಮ ಬದಲಿಸಬಾರದು.

ಮಾತ್ರೆಗೆ ಕರುಳು ಒಗ್ಗದಿದ್ದರೆ ಕರುಳನ್ನೇ ಬದಿಗಿಟ್ಟು ರಕ್ತನಾಳಕ್ಕೆ ಕಬ್ಬಿಣ ಕೊಡಬಹುದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದ ಜತೆಗೂಡಿ 2021ರಲ್ಲಿ ಶುರು ಮಾಡಿದ 'ರಾಪಿಡ್‌ಐರನ್' ಪ್ರಯೋಗದ ಪ್ರಶ್ನೆ ಇದೇ ಆಗಿತ್ತು: ಕರ್ನಾಟಕ, ರಾಜಸ್ಥಾನದ ರಕ್ತಹೀನ ಗರ್ಭಿಣಿಯರಿಗೆ ದಿನದಿನದ ಮಾತ್ರೆಗಿಂತ ಒಂದೇ ಸಲದ ರಕ್ತನಾಳದ ಕಬ್ಬಿಣ ಮೇಲೇ? 4,320 ಗರ್ಭಿಣಿಯರನ್ನು ಸೇರಿಸಿಕೊಳ್ಳುವ ಯೋಜನೆಯಿತ್ತು. ಸೀಲಿಯಾಕ್, ಕ್ರೋನ್ಸ್ ರೋಗಿಗಳಲ್ಲೂ ಮಾತ್ರೆ ಸೋತಾಗ ವೈದ್ಯರು ಹಿಡಿಯುವ ದಾರಿ ಇದು.

ಆಸ್ಪತ್ರೆಗೆ ಹೋಗುವಾಗ

ಬಿಮ್ಸ್ ಜಿಲ್ಲಾಸ್ಪತ್ರೆಗಾಗಲಿ ಕೆಎಲ್‌ಇ ಆಸ್ಪತ್ರೆಗಾಗಲಿ ಹೊರಡುವ ಮುನ್ನ ಮೂರು ವಿಷಯ ಬರೆದುಕೊಂಡು ಹೋದರೆ ವೈದ್ಯರ ಕೆಲಸ ಅರ್ಧ ಮುಗಿದಂತೆ. ಆರು ತಿಂಗಳಲ್ಲಿ ತೂಕ ಎಷ್ಟಿಂದ ಎಷ್ಟಾಯಿತು. ಒಂದು ವಾರ ಏನು ತಿಂದಿರಿ, ಯಾವುದರ ನಂತರ ಹೊಟ್ಟೆ ಕೆಟ್ಟಿತು. ದಿನಾ ನುಂಗುವ ಮಾತ್ರೆಗಳು ಯಾವುವು, ಗ್ಯಾಸಿನ ಗುಳಿಗೆ ಸೇರಿಸಿ. ಮಲ ಪರೀಕ್ಷೆ, ರಕ್ತಕಣ, ಫೆರಿಟಿನ್, ಬಿ12, ಅಲ್ಬುಮಿನ್, ಟಿಟಿಜಿ-ಐಜಿಎ ಹೀಗೆ ಸಾಮಾನ್ಯ ಪರೀಕ್ಷೆಗಳಿಂದಲೇ ದಾರಿ ಬಹುಪಾಲು ತಿಳಿಯುತ್ತದೆ. ಎಂಡೋಸ್ಕೋಪಿ, ಸಿಟಿ ಆಮೇಲಿನ ಮಾತು. ಕಾರಣ ಸಿಗುವ ತನಕ ಎಲ್ಲರಿಗೂ ಸಲ್ಲುವ ಊಟದ ನಿಯಮ ಸರಳವಾಗಿದೆ. ಎರಡು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ಆರೋಗ್ಯವಂತರಿಗೆ ತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. ಹೀರಿಕೆ ಕೆಟ್ಟವರಿಗೆ 1.2ರಿಂದ 1.5 ಗ್ರಾಂ ಬೇಕು. ಐವತ್ತು ಕಿಲೋ ಮನುಷ್ಯನಿಗೆ ಅದು 60ರಿಂದ 75 ಗ್ರಾಂ. ಬೇಳೆ, ಮೊಸರು, ಶೇಂಗಾ, ಮೊಟ್ಟೆ, ಮೀನು ದಿನದ ಊಟಗಳಿಗೆ ಹಂಚಿಕೊಂಡರೆ ತಲುಪಬಹುದು.

ಕಾಯಿಲೆಯ ಹೆಸರು ಗೊತ್ತಾದ ಮೇಲೆ ವೈದ್ಯರಿಗೆ ಎರಡು ಪ್ರಶ್ನೆ ಕೇಳಬೇಕು: ಏನು ಬಿಡಬೇಕು, ಎಷ್ಟು ಕಾಲ ಬಿಡಬೇಕು? ಭೇದಿಯ ನಂತರದ ಹಾಲು ಕೆಲವು ವಾರ. ಸಂದುಗಟ್ಟಿದ ಕರುಳಿಗೆ ನಾರು, ಅದು ಬಿಡಿಸುವ ತನಕ. ಸೀಲಿಯಾಕ್‌ಗೆ ಗೋಧಿ ಜೀವನವಿಡೀ. ಟ್ರಾಪಿಕಲ್ ಸ್ಪ್ರೂಗೆ ಏನೂ ಬಿಡಬೇಕಿಲ್ಲ, ಔಷಧ ಮುಗಿಸಿದರೆ ಆಯಿತು. ಬಿಡುವ ಪಟ್ಟಿಯೊಂದಿಗೇ ಅವಧಿಯನ್ನೂ ಬರೆಸಿಕೊಳ್ಳಿ. ಅವಧಿಯಿಲ್ಲದ ಪಥ್ಯ ತಾಟಿನಿಂದ ಒಂದೊಂದೇ ಪದಾರ್ಥ ಎತ್ತಿಕೊಂಡು ಹೋಗುತ್ತದೆ; ಮೊದಲೇ ಸತ್ವ ಸೇರದ ಮೈಗೆ ಅದು ಎರಡನೆಯ ಕಾಯಿಲೆ.